ಕಾಡಂಚಿನಲ್ಲಿ ನೆಲೆ ನಿಲ್ಲದ ಸಂಶೋಧನೆ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿಯುತ್ತ ಬಂದು, ಕೊಟ್ಟಿಗೆಗೆ ದರಗು ತರಲು ಜನ ಬೆಟ್ಟದ ಕಡೆ ಹೊರಡುವ ಹೊತ್ತಿಗೆ ಸರಿಯಾಗಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ. ಇಂಥ ಊರಿನ ಹತ್ತಿರದ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ, ಮಾದರಿ ಪ್ರಯೋಗಾಲಯಕ್ಕೆ ಹೋಗಿದೆ, ಕಾಡಿಗೆ ಹೋಗುವವರು ಎಚ್ಚರದಿಂದಿರಬೇಕು. ಕೆಲವು ದಿನ ಕಳೆದರೆ ಜ್ವರದ ಸುದ್ದಿ, ಆಮೇಲೆ ಒಂದೋ ಎರಡೋ ಸಾವಿನ ಸುದ್ದಿ. ಮಂತ್ರಿಗಳು ಬಂದು ಸಭೆ ನಡೆಸಿ ಹೋಗುತ್ತಾರೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಎಲ್ಲವೂ ತಣ್ಣಗಾಗುತ್ತದೆ, ಮುಂದಿನ ಡಿಸೆಂಬರಿನವರೆಗೆ ಯಾರಿಗೂ ನೆನಪಿರುವುದಿಲ್ಲ.

ಕ್ಯಾಸನೂರು ಅರಣ್ಯ ಕಾಯಿಲೆ ಎಂದು ವೈದ್ಯರು ಬರೆಯುವ, ಊರಿನವರ ಬಾಯಲ್ಲಿ ಮಂಗನ ಕಾಯಿಲೆಯಾದ ಈ ಜ್ವರ ಲೋಕಕ್ಕೆ ಗೊತ್ತಾದದ್ದು 1957ರಲ್ಲಿ. ಹತ್ತಿರ ಹತ್ತಿರ ಎಪ್ಪತ್ತು ವರ್ಷ. ವೈರಾಣು ಯಾವುದೆಂದು ಗೊತ್ತಿದೆ. ಹರಡುವ ಉಣುಗಿನ ಜಾತಕವೇ ಗೊತ್ತಿದೆ. ಯಾವ ತಿಂಗಳು ಬರುತ್ತದೆ, ಯಾರಿಗೆ ಮೊದಲು ತಗಲುತ್ತದೆ ಎಂಬುದೂ ಗೊತ್ತು. ಇಷ್ಟಿದ್ದೂ ಪ್ರತಿ ವರ್ಷ ಹೊಸದೆಂಬಂತೆ ಅದರ ಮುಂದೆ ನಿಲ್ಲುತ್ತೇವೆ. ಬುದ್ಧಿವಂತ ವಿಜ್ಞಾನಿಗಳ ಕೊರತೆ ಇದಕ್ಕೆ ಕಾರಣವಲ್ಲ. ಆ ವಿಷಯದಲ್ಲಿ ಈ ಕಾಯಿಲೆ ಅದೃಷ್ಟವಂತ ಕಾಯಿಲೆಯೇ. ಮಳೆಕಾಡಿನ ಸೀಮೆಯ ಆರೋಗ್ಯ ಸಂಶೋಧನೆಯೆಂದರೆ ಒಮ್ಮೆ ಹೋಗಿ ವೈರಾಣುವನ್ನು ಹಿಡಿದು ತರುವ ದಂಡಯಾತ್ರೆ ಎಂದು ತಿಳಿದದ್ದರಲ್ಲಿ ನಮ್ಮ ಎಡವಟ್ಟು ಇದೆ. ಕಾಡಿನ ಅಂಚಿನಲ್ಲೇ ಕೂತು, ಅದೇ ಜಾಗದಲ್ಲಿ, ಅದನ್ನೇ, ವರ್ಷವರ್ಷವೂ ಅಳೆಯುವ ಬೇಸರದ ಕೆಲಸ ಅದು. ಮಂಗನ ಕಾಯಿಲೆಯ ಕಥೆಯಲ್ಲಿ ಆ ಕೆಲಸ ನಡೆದಾಗಲೆಲ್ಲ ತಿಳಿವಳಿಕೆ ಬೆಳೆದಿದೆ, ನಿಂತಾಗಲೆಲ್ಲ ಜನ ಬೆಲೆ ತೆತ್ತಿದ್ದಾರೆ.

ಹಳದಿ ಜ್ವರದ ಗುಮಾನಿ

1957ರ ಆರಂಭದ ತಿಂಗಳುಗಳಲ್ಲಿ ಆಗಿನ ಮೈಸೂರು ರಾಜ್ಯದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಸಮಯಕ್ಕೆ ಸುತ್ತಲಿನ ಊರುಗಳಲ್ಲಿ ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಒಡೆಯುವಂಥ ನೋವು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಮೊದಲು ಇದನ್ನು ವಿಷಮಶೀತ ಜ್ವರದ ಪಂಗಡಕ್ಕೆ ಸೇರಿಸಿ ನೋಡಲಾಗಿತ್ತು. ಮಂಗಗಳ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿದ್ದವರಿಗೆ ಬೇರೊಂದೇ ಭಯ ಹುಟ್ಟಿತು.

ಆ ಕೇಂದ್ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ್ದು. ಪ್ರತಿಷ್ಠಾನ ಬ್ರೆಜಿಲ್‌ನ ಬೆಲೆಂ, ಟ್ರಿನಿಡಾಡ್, ಉಗಾಂಡದ ಎಂಟೆಬೆಗಳಲ್ಲೂ ಇಂಥ ಕೇಂದ್ರಗಳನ್ನು ಹುಟ್ಟುಹಾಕಿತ್ತು. ಎಲ್ಲವೂ ಉಷ್ಣವಲಯದ ಕಾಡುಗಳಿಗೆ ಹತ್ತಿರದವು. ಎಲ್ಲದರ ಹಿಂದೆಯೂ ಹಳದಿ ಜ್ವರವನ್ನು ಹಿಂಬಾಲಿಸಿದ ಅನುಭವವಿತ್ತು. ಎಂಟೆಬೆಯ ಸಂಶೋಧಕರು 1947ರಲ್ಲಿ ಜಿಕಾ ಎಂಬ ಕಾಡಿನಲ್ಲಿ ಪಂಜರದ ಮಂಗವನ್ನಿಟ್ಟು ಹಳದಿ ಜ್ವರಕ್ಕೆ ಹೊಂಚು ಹಾಕುತ್ತಿದ್ದಾಗಲೇ ಜಿಕಾ ವೈರಾಣು ಸಿಕ್ಕಿದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಲಾಗಿ ಸತ್ತರೆ ಹಳದಿ ಜ್ವರ ಬಂತೆಂದೇ ಲೆಕ್ಕ. ಏಷ್ಯಾದಲ್ಲಿ ಆ ರೋಗ ಇರಲಿಲ್ಲ, ಈಗಲೂ ನೆಲೆಯೂರಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಪ್ರತಿ ಪಟ್ಟಣದಲ್ಲೂ ಇದೆ. ಸೊರಬದಲ್ಲಿ ಸಾಯುತ್ತಿದ್ದ ಮಂಗಗಳು ಹಳದಿ ಜ್ವರದಿಂದ ಸಾಯುತ್ತಿದ್ದರೆ ಇಡೀ ಖಂಡಕ್ಕೇ ಗಂಡಾಂತರ.

ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ ವರ್ಕ್, ಜೀವಶಾಸ್ತ್ರಜ್ಞ ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸೊರಬ, ಸಾಗರಗಳಿಗೆ ಧಾವಿಸಿದರು. ಮಾರ್ಚ್ ತಿಂಗಳಲ್ಲಿ ಸತ್ತ ಮಂಗದಿಂದ ವೈರಾಣು ಪ್ರತ್ಯೇಕವಾಯಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಸೋಜಿಗವೆಂದರೆ ಅದರ ನಂಟು ಸೈಬೀರಿಯಾದ ಚಳಿ ಕಾಡುಗಳಲ್ಲಿ ಉಣುಗಿನಿಂದ ಹರಡುವ ರಷ್ಯನ್ ವಸಂತ ಬೇಸಿಗೆ ಮಿದುಳು ಜ್ವರದ ವೈರಾಣುವಿಗೆ ಹತ್ತಿರವಿತ್ತು. ಹಿಮ ಬೀಳುವ ನಾಡಿನ ನಂಟ ಸಹ್ಯಾದ್ರಿಯ ಮಗ್ಗುಲಲ್ಲಿ ಏನು ಮಾಡುತ್ತಿದ್ದಾನೆ?

ಹಕ್ಕಿಗಳ ಮೇಲೆ ಹೊರಿಸಿದ ಆರೋಪ

ಚಳಿಗಾಲದಲ್ಲಿ ಸೈಬೀರಿಯಾದಿಂದ ನಮ್ಮಲ್ಲಿಗೆ ಬರುವ ವಲಸೆ ಹಕ್ಕಿಗಳು ತಮ್ಮ ಗರಿಗಳ ನಡುವೆ ಉಣುಗನ್ನೂ, ಉಣುಗಿನೊಳಗೆ ವೈರಾಣುವನ್ನೂ ಹೊತ್ತು ತಂದಿರಬಹುದೆಂಬುದು ಆಗ ಎಲ್ಲರಿಗೂ ಹಿಡಿಸಿದ ಊಹೆ. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಲೀಂ ಅಲಿ ಕೆಲಸ ಕೈಗೆತ್ತಿಕೊಂಡರು. ಬಲೆಗೆ ಬಿದ್ದ ಹಕ್ಕಿಗಳ ಮೈಯ ಉಣುಗು ಹೆಕ್ಕಿ, ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸಿ ಬಿಡುವ ಕಾರ್ಯಕ್ರಮ ವರ್ಷಗಟ್ಟಲೆ ನಡೆಯಿತು. ಭಾರತದ ಹಕ್ಕಿಗಳ ವಲಸೆಯ ಬಗ್ಗೆ ಅಲ್ಲಿಯವರೆಗೆ ಇಲ್ಲದಿದ್ದ ಜ್ಞಾನ ಇದರಿಂದ ದಕ್ಕಿತು. ಮಂಗನ ಕಾಯಿಲೆಯನ್ನು ಹಕ್ಕಿಗಳೇ ತಂದವೆಂಬ ಪುರಾವೆ ಮಾತ್ರ ದಕ್ಕಲಿಲ್ಲ.

ಮುಂದೆ ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಅಲ್‌ಖುಮ್ರಾ ವೈರಾಣು ನಮ್ಮ ವೈರಾಣುವಿಗೆ ಇನ್ನೂ ಹತ್ತಿರದ ಬಳಗದ್ದೆಂದು ತಿಳಿಯಿತು. 2011ರಲ್ಲಿ ಪ್ರಕಟವಾದ ವಂಶವಾಹಿ ವಿಶ್ಲೇಷಣೆಯೊಂದು ಇವೆರಡೂ ಕವಲೊಡೆದು ಸುಮಾರು 700 ವರ್ಷಗಳಾಗಿರಬಹುದೆಂದು ಅಂದಾಜು ಮಾಡಿತು. ಈ ಲೆಕ್ಕ ಸರಿಯಿದ್ದರೆ 1957ರಲ್ಲಿ ಯಾರೋ ಹೊಸಬರು ಕಾಡಿಗೆ ಬಂದಿರಲಿಲ್ಲ. ಮೊದಲೇ ಇದ್ದದ್ದು ಹೊರಗೆ ಬರುವ ಹಾಗೆ ಕಾಡಿನಲ್ಲಿ ಏನೋ ಬದಲಾಗಿತ್ತು.

ಹಕ್ಕಿ ಅಧ್ಯಯನಕ್ಕೆ ಇನ್ನೊಂದು ಕಹಿ ಬಾಲವೂ ಇದೆ. ಮುಂದಿನ ಹಂತದಲ್ಲಿ ಅಮೆರಿಕದ ಸೇನೆಗೆ ಸಂಬಂಧಪಟ್ಟ ಹಣ ಇದರಲ್ಲಿ ಸೇರಿತ್ತೆಂಬ ವಿಷಯ 1970ರ ದಶಕದಲ್ಲಿ ಹೊರಬಿದ್ದು, ಜೈವಿಕ ಅಸ್ತ್ರದ ಸಂಶಯ ಎದ್ದು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಸಹಯೋಗದ ಇಂಥ ಯೋಜನೆಗಳನ್ನೆಲ್ಲ ತರಾಟೆಗೆ ತೆಗೆದುಕೊಂಡಿತು. ಸಂಶೋಧನೆ ಯಾರ ದುಡ್ಡಿನಲ್ಲಿ, ಯಾರ ಕುತೂಹಲಕ್ಕೆ ನಡೆಯುತ್ತಿದೆ ಎಂಬುದು ಜನರಿಗೆ ತಿಳಿಯದಿದ್ದರೆ ಒಳ್ಳೆಯ ಕೆಲಸಕ್ಕೂ ಮಸಿ ಹತ್ತುತ್ತದೆ. ರಾಕ್‌ಫೆಲರ್ ಪ್ರತಿಷ್ಠಾನ ಅಷ್ಟರೊಳಗೆ, 1967ರಲ್ಲೇ, ಪುಣೆ ಕೇಂದ್ರದಿಂದ ಹಿಂದೆ ಸರಿದಿತ್ತು. 1978ರಲ್ಲಿ ಆ ಕೇಂದ್ರ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು.

ಫ್ಲಾನೆಲ್ ಬಟ್ಟೆ ಎಳೆದವರು

ವೈರಾಣು ಸಿಕ್ಕಿದ್ದು ಕೆಲವೇ ವಾರಗಳಲ್ಲಿ. ಅದು ಕಾಡಿನಲ್ಲಿ ಹೇಗೆ ಬದುಕುತ್ತದೆಂದು ತಿಳಿಯಲು ಹತ್ತಾರು ವರ್ಷ ಬೇಕಾಯಿತು. ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು, ಪಿ.ಕೆ. ರಾಜಗೋಪಾಲನ್ ಅವರಂಥ ಸಂಶೋಧಕರು ಅಲ್ಲೇ ನೆಲೆ ನಿಂತು ಮಾಡಿದ ಕೆಲಸ ಇದು. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ನಡೆಯುವುದು, ಅಂಟಿಕೊಂಡ ಉಣುಗುಗಳನ್ನು ಎಣಿಸಿ ಜಾತಿವಾರು ಬೇರ್ಪಡಿಸುವುದು, ಇಲಿ, ಮೂಗಿಲಿ, ಅಳಿಲುಗಳನ್ನು ಹಿಡಿದು ರಕ್ತ ತೆಗೆಯುವುದು, ಮಂಗಗಳ ಹಿಂಡುಗಳ ಜಾಡು ಹಿಡಿಯುವುದು. ಅಪಾಯ ಕಾಡಿನಲ್ಲಷ್ಟೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಈ ವೈರಾಣುವನ್ನು ನಿಭಾಯಿಸುತ್ತಿದ್ದ ಹಲವು ಸಿಬ್ಬಂದಿಗೂ ಜ್ವರ ತಗಲಿತು.

ಅವರ ಕೆಲಸದಿಂದ ಮೂಡಿದ ಚಿತ್ರ ಹೀಗಿದೆ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮುಖ್ಯ ವಾಹಕ. ಅದರ ಬದುಕಿನಲ್ಲಿ ಮೂರೇ ಊಟ, ಪ್ರತಿ ಊಟಕ್ಕೂ ಬೇರೆ ಪ್ರಾಣಿ. ಮಳೆಗಾಲ ಮುಗಿಯುತ್ತಿದ್ದಂತೆ ಮೊಟ್ಟೆಯೊಡೆದು ಬರುವ ಆರು ಕಾಲಿನ ಲಾರ್ವಾ ಇಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದರ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ. ಆ ಪ್ರಾಣಿಯ ರಕ್ತದಲ್ಲಿ ವೈರಾಣು ಇದ್ದರೆ ಅದೂ ಒಳಗೆ ಸೇರುತ್ತದೆ. ಪೊರೆ ಕಳಚಿ ನಿಂಫ್ ಎಂಬ ಎಂಟು ಕಾಲಿನ ಎಳೆ ಉಣುಗಾದಾಗಲೂ ವೈರಾಣು ಉಳಿದಿರುತ್ತದೆ. ಈ ನಿಂಫ್‌ಗಳು ಡಿಸೆಂಬರಿನಿಂದ ಮೇವರೆಗೆ ತರಗೆಲೆಗಳ ಮೇಲೆ, ಮೊಣಕಾಲೆತ್ತರದ ಗಿಡಗಳ ತುದಿಯಲ್ಲಿ ಕಾದಿರುತ್ತವೆ. ನಮ್ಮನ್ನು ಕಚ್ಚಿ ರೋಗ ಕೊಡುವುದು ಮುಖ್ಯವಾಗಿ ಇವೇ. ಕಣ್ಣಿಗೆ ಕಾಣುವುದೇ ಕಷ್ಟವಾದ ಗಾತ್ರ, ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಮಳೆ ಬೀಳುವ ಹೊತ್ತಿಗೆ ಬೆಳೆದು ದೊಡ್ಡವಾದ ಉಣುಗುಗಳಿಗೆ ದೊಡ್ಡ ಪ್ರಾಣಿಯೇ ಬೇಕು.

ಕಾಡಿನಲ್ಲಿ ಅಂಥ ಪ್ರಾಣಿಗಳು ಹರಡಿಕೊಂಡಿರುತ್ತವೆ. ಕಾಡಂಚಿನ ಊರಿನಲ್ಲಿ ದನಗಳಿವೆ. ದನಗಳ ಮೈಯಲ್ಲಿ ಈ ವೈರಾಣು ಹೆಚ್ಚುವುದಿಲ್ಲ, ಅವುಗಳಿಗೆ ಕಾಯಿಲೆಯೂ ಬರುವುದಿಲ್ಲ. ಆದರೆ ಬೆಟ್ಟಕ್ಕೆ ಮೇಯಲು ಬಿಟ್ಟ ಮಲೆನಾಡು ಗಿಡ್ಡದ ಮಂದೆ ಉಣುಗಿನ ಪಾಲಿಗೆ ಬಾಗಿಲು ಮುಚ್ಚದ ಅನ್ನಸತ್ರ. ಉಂಡು ಕೆಳಗೆ ಬಿದ್ದ ಒಂದೊಂದು ಹೆಣ್ಣು ಉಣುಗೂ ತರಗಿನ ಅಡಿಯಲ್ಲಿ ಸಾವಿರ ಲೆಕ್ಕದಲ್ಲಿ ಮೊಟ್ಟೆ ಇಡುತ್ತದೆ.

ಇದರ ಮಹತ್ವವನ್ನು ಬಿಡಿಸಿ ಹೇಳಿದವರಲ್ಲಿ ಕೊಲಂಬಿಯಾದ ಹೋರ್ಹೆ ಬೊಶೆಲ್ ಪ್ರಮುಖರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರದ ಹಿಂದೆ ಬಿದ್ದಿದ್ದ ಅವರು, ಮರ ಕಡಿದು ಉರುಳಿಸಿದಾಗ ಮರದ ನೆತ್ತಿಯಲ್ಲಿ ಮಂಗಗಳ ಜೊತೆಗಿದ್ದ ಸೊಳ್ಳೆಗಳು ನೆಲಕ್ಕಿಳಿದು ಕೊಡಲಿ ಹಿಡಿದವರನ್ನೇ ಮುತ್ತುವುದನ್ನು ಗಮನಿಸಿದ್ದರು. 1960ರ ದಶಕದಲ್ಲಿ ಮಂಗನ ಕಾಯಿಲೆಯ ಅಧ್ಯಯನಕ್ಕೆ ಬಂದ ಅವರಿಗೆ ಮಲೆನಾಡಿನಲ್ಲೂ ಅದೇ ನ್ಯಾಯ ಬೇರೆ ವೇಷದಲ್ಲಿ ಕಂಡಿತು. 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು, ಕಾಡನ್ನು ಸವರಿ ಗದ್ದೆ ಮಾಡುತ್ತ, ದನ ಮೇಯಿಸುತ್ತ ಹೋದಂತೆ ಉಣುಗು, ಸಣ್ಣ ಪ್ರಾಣಿ, ಮಂಗ, ಮನುಷ್ಯ ಎಲ್ಲರೂ ಒಂದೇ ಅಂಚಿನಲ್ಲಿ ಸೇರುವ ಪರಿಸ್ಥಿತಿ ಹುಟ್ಟಿತೆಂದು ವಾದಿಸಿದರು. ಹಾಳುಬಿದ್ದ ಜಾಗದಲ್ಲಿ ಹಬ್ಬುವ ಲಂಟಾನದ ಪೊದೆ ಇಲಿಗಳಿಗೂ ಉಣುಗಿಗೂ ಒಳ್ಳೆಯ ಆಸರೆ. ಸೊರಬದ ಭೂಮಿಯನ್ನು ಬಲ್ಲವರಿಗೆ ಇದು ಥಟ್ಟನೆ ಹೊಳೆಯುತ್ತದೆ: ಗದ್ದೆ ಬಯಲು, ಅದರ ಮೇಲೆ ತೋಟ, ತೋಟಕ್ಕೆ ಸೊಪ್ಪಿನ ಬೆಟ್ಟ, ಅದಕ್ಕೆ ತಾಗಿ ನಿತ್ಯಹಸುರಿನ ಕಾನು. ಎಲ್ಲಿ ನೋಡಿದರೂ ಅಂಚೇ.

ಈ ಚಿತ್ರದಲ್ಲಿ ಮಂಗನ ಸ್ಥಾನವೇನು? ಕೆಂಪು ಮೋರೆಯ ಮಂಗ ಮತ್ತು ಕಪ್ಪು ಮೋರೆಯ ಮುಸಿಯ ಎರಡೂ ಈ ವೈರಾಣುವಿಗೆ ಬಲಿಯಾಗುತ್ತವೆ. ಸತ್ತ ಮಂಗನ ಮೈ ತಣ್ಣಗಾದಂತೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತ ಹರಡಿಕೊಳ್ಳುವುದರಿಂದ ಆ ಜಾಗ ಅಪಾಯದ ತಾಣವಾಗುತ್ತದೆ. ಕಳೇಬರದ ಸುತ್ತ ಮೆಲಾಥಿಯಾನ್ ಪುಡಿ ಎರಚುವುದು ಅದಕ್ಕಾಗಿಯೇ. ಹನುಮಂತನೆಂದು ಭಕ್ತಿಯಿಂದ ಸತ್ತ ಮಂಗನಿಗೆ ಮಣ್ಣು ಕೊಡಲು ಹೋದವರು ಅರಿಯದೆ ಅಪಾಯದೊಳಗೆ ಕಾಲಿಡುತ್ತಾರೆ. ಮಂಗದಿಂದ ಮನುಷ್ಯನಿಗೆ ನೇರವಾಗಿ, ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಸಾಮಾನ್ಯವಾಗಿ ಹರಡುವುದಿಲ್ಲ. ನಡುವೆ ಉಣುಗು ಬೇಕು. ಮಂಗಗಳೇ ವೈರಾಣುವನ್ನು ಹೆಚ್ಚಿಸಿ ಹಂಚುತ್ತವೆಯೇ ಅಥವಾ ಇಲಿ ಮೂಗಿಲಿಗಳ ನಡುವೆ ಗುಟ್ಟಾಗಿ ಸುತ್ತುತ್ತಿರುವ ವೈರಾಣುವಿನ ಸುಳಿವನ್ನು ತಮ್ಮ ಸಾವಿನಿಂದ ಕೊಡುತ್ತವೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. 1960ರ ದಶಕದ ಸಮೀಕ್ಷೆಗಳಂಥವು ಮತ್ತೆ ಅದೇ ಪ್ರಮಾಣದಲ್ಲಿ ನಡೆದಿದ್ದರೆ ಈ ಪ್ರಶ್ನೆ ಇಷ್ಟು ಕಾಲ ಬಾಕಿ ಉಳಿಯುತ್ತಿರಲಿಲ್ಲ.

ಬೆಳ್ತಂಗಡಿ ಕಲಿಸಿದ್ದು

ಬೊಶೆಲ್ ಬರೆದ ಮಾತಿಗೆ ಸಾಕ್ಷಿ ಒದಗಲು ಬಹಳ ಕಾಲ ಬೇಕಾಗಲಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ ಕಾಡು ಕಡಿದು ಗೇರು ತೋಟ ಎಬ್ಬಿಸುವ ಕೆಲಸ ನಡೆಯಿತು. ಆ ಕೆಲಸಕ್ಕೆ ಹೋದವರು, ಸುತ್ತಲಿನ ಊರಿನವರು ಜ್ವರಕ್ಕೆ ಬಿದ್ದರು. ಶಿವಮೊಗ್ಗ ಮತ್ತು ಉತ್ತರ ಕನ್ನಡದ ಕಾಯಿಲೆ ಎಂದುಕೊಂಡಿದ್ದದ್ದು ದಕ್ಷಿಣ ಕನ್ನಡದಲ್ಲಿ ಅಲ್ಲಿಯವರೆಗಿನ ದೊಡ್ಡ ಸ್ಫೋಟಗಳಲ್ಲೊಂದಾಗಿ ಕಾಣಿಸಿಕೊಂಡಿತು.

ಆ ಸೀಮೆಯಲ್ಲಿ ಕೆಲಸ ಮಾಡಿದ್ದ ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಈ ಬಗ್ಗೆ ಪ್ರಬಂಧ ಬರೆದು, ಇದನ್ನು ಅಭಿವೃದ್ಧಿ ತಂದ ಕಾಯಿಲೆ ಎಂದು ಕರೆದರು. ಅವರು ನೋಡಿದ್ದು ವೈರಾಣುವನ್ನಲ್ಲ, ಜನ ಅದನ್ನು ಹೇಗೆ ಅರ್ಥಮಾಡಿಕೊಂಡರೆಂಬುದನ್ನು. ಕಾಡು ಕಡಿದದ್ದಕ್ಕೆ ಭೂತಗಳು ಮುನಿದಿವೆ ಎಂಬ ಮಾತು ಊರುಗಳಲ್ಲಿತ್ತು. ಪ್ರಯೋಗಾಲಯದಿಂದ ನೋಡಿದರೆ ಇದು ಮೂಢನಂಬಿಕೆ. ಆದರೆ ಕಾರಣವನ್ನು ಹುಡುಕುತ್ತ ಜನ ನಿಂತ ಜಾಗ, ವಿಜ್ಞಾನಿ ಬೊಶೆಲ್ ನಿಂತ ಜಾಗ ಒಂದೇ: ಕಾಡಿಗೆ ಬಿದ್ದ ಕೊಡಲಿ. ಕರಪತ್ರ ಹಂಚಿದ ಇಲಾಖೆ ಮಂಗ, ಉಣುಗುಗಳ ಬಗ್ಗೆ ಹೇಳಿತು, ಕೊಡಲಿಯ ಬಗ್ಗೆ ಹೇಳುವುದು ಅದಕ್ಕೆ ಕಷ್ಟವಿತ್ತು. ಕಾಯಿಲೆಯ ಕಾರಣಗಳಲ್ಲಿ ಸರ್ಕಾರದ್ದೇ ಒಂದು ಯೋಜನೆ ಸೇರಿಕೊಂಡಾಗ ಆರೋಗ್ಯ ಶಿಕ್ಷಣ ಅರ್ಧ ಸತ್ಯಕ್ಕೆ ಇಳಿಯುತ್ತದೆ. ಅರ್ಧ ಸತ್ಯ ಹೇಳುವವರ ಸಲಹೆಯನ್ನು ಊರಿನವರು ಅರ್ಧವೇ ನಂಬುತ್ತಾರೆ.

ಲಸಿಕೆಯ ಏಳುಬೀಳು

ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಏರುತ್ತದೆ. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಹತ್ತರಲ್ಲಿ ಒಬ್ಬಿಬ್ಬರಿಗೆ, ಇನ್ನೇನು ಗುಣವಾಯಿತು ಎಂದುಕೊಂಡ ಮೇಲೆ ಜ್ವರ ಮರುಕಳಿಸಿ ಮಿದುಳಿಗೆ ಏರುತ್ತದೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ಸಾಮಾನ್ಯ ಅಂದಾಜು. ದ್ರವಾಂಶ ಕಾಯ್ದುಕೊಳ್ಳುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಬೇಕಾದರೆ ರಕ್ತ ಕೊಡುವುದು, ಇಷ್ಟೇ ಚಿಕಿತ್ಸೆ. ಹೀಗಿರುವಾಗ ಎಲ್ಲ ಭರವಸೆಯೂ ಲಸಿಕೆಯ ಮೇಲೆ ಬಿದ್ದದ್ದು ಸಹಜ.

ಮೊದಲು ರಷ್ಯನ್ ಮಿದುಳು ಜ್ವರದ ಲಸಿಕೆಯನ್ನೇ ತಂದು ಪ್ರಯೋಗಿಸಿ ನೋಡಿದರು. ನಂಟ ವೈರಾಣುವಿನ ಲಸಿಕೆ ನಮ್ಮಲ್ಲಿ ಫಲ ಕೊಡಲಿಲ್ಲ. ಆಮೇಲೆ ಪುಣೆಯಲ್ಲಿ, ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. 1970ರ ದಶಕದ ಆರಂಭದಲ್ಲಿ ಕ್ಷೇತ್ರ ಪರೀಕ್ಷೆ ನಡೆದು, 1990ರಿಂದ ವ್ಯಾಪಕವಾಗಿ ಬಳಕೆಗೆ ಬಂತು. ತಯಾರಿಸುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದಲ್ಲಿರುವ, ದನ ಕುರಿ ಕೋಳಿಗಳಿಗೆ ಲಸಿಕೆ ಮಾಡುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ಮಂಗ ಸತ್ತ ಅಥವಾ ಮನುಷ್ಯರಿಗೆ ಕಾಯಿಲೆ ಕಂಡ ಜಾಗದಿಂದ ಐದು ಕಿಲೋಮೀಟರ್ ವ್ಯಾಪ್ತಿಯ ಊರುಗಳಿಗೆ ಅದನ್ನು ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷವರ್ಷ ಇನ್ನಷ್ಟು. ಕೂಲಿ ಬಿಟ್ಟು ಬರಬೇಕು, ಚುಚ್ಚಿದ ಜಾಗ ನೋಯುತ್ತದೆ, ಮತ್ತೆ ಮತ್ತೆ ಬರಬೇಕು. ಎಷ್ಟು ಜನ ಪೂರ್ತಿ ಮಾಡಿಯಾರು?

2013ರಲ್ಲಿ ಪ್ರಕಟವಾದ ಅಧ್ಯಯನ ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಟ್ಟಿತು. ಕರ್ನಾಟಕದ 2005ರಿಂದ 2010ರವರೆಗಿನ ದಾಖಲೆಗಳನ್ನು ಜಾಲಾಡಿದ ಆ ತಂಡಕ್ಕೆ, ಒಂದೇ ಡೋಸ್ ತೆಗೆದುಕೊಂಡವರಿಗೆ ಅದು ರಕ್ಷಣೆಯಾಗಿ ಕಾಣಲಿಲ್ಲ. ಎರಡು ಡೋಸ್‌ಗೆ ಸುಮಾರು 62 ಪ್ರತಿಶತ, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು 83 ಪ್ರತಿಶತ ರಕ್ಷಣೆ. ಲಸಿಕೆ ಪಡೆದವರ ಪ್ರಮಾಣವೇ ಕಡಿಮೆಯಿತ್ತು. ಅಂದರೆ ಕಾಯಿಲೆ ಎದ್ದ ಮೇಲೆ ಲಸಿಕೆ ಹಿಡಿದು ಓಡಿದರೆ, ಎರಡನೆಯ ಡೋಸ್ ಮೈಗೆ ಹತ್ತುವ ಹೊತ್ತಿಗೆ ಋತುವೇ ಮುಗಿದಿರುತ್ತದೆ. ಕೊಡಬೇಕಾದದ್ದು ಮಳೆಗಾಲದಲ್ಲಿ, ಯಾರಿಗೂ ಜ್ವರವಿಲ್ಲದಾಗ, ಯಾರಿಗೂ ಬೇಕೆನಿಸದಾಗ.

ಈ ಲಸಿಕೆಯ ಕೊನೆ ಇನ್ನೂ ವಿಷಾದದ್ದು. ಸಾಮರ್ಥ್ಯ ಪರೀಕ್ಷೆಯಲ್ಲಿ ಸೋತದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ನಿಲ್ಲಿಸಿದ್ದು ಸರಿಯಾದ ಕ್ರಮವೇ. ಆದರೆ ಬದಲಿ ಲಸಿಕೆ ಕೈಯಲ್ಲಿ ಇರಲಿಲ್ಲ. ವರ್ಷಗಟ್ಟಲೆ ಊರೂರಿಗೆ ಹೋಗಿ ಹಾಕಿಸಿಕೊಳ್ಳಿ ಎಂದು ಬೇಡಿದ ಆರೋಗ್ಯ ಸಹಾಯಕಿ, ಆಶಾ ಕಾರ್ಯಕರ್ತೆಯರು ಒಂದು ಬೆಳಗ್ಗೆ ಅದು ಇನ್ನಿಲ್ಲ ಎನ್ನಬೇಕಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈಗ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆ ರೂಪಿಸುವ ಕೆಲಸಕ್ಕೆ ಕೈ ಹಾಕಿದೆ. ಅದು ಗೆಲ್ಲಲಿ. ಹಳೆಯದು ಯಾವಾಗಿಂದ ಬಲ ಕಳೆದುಕೊಳ್ಳುತ್ತ ಬಂತು, ಅದನ್ನು ಹಿಡಿಯಲು ಏಕೆ ಅಷ್ಟು ತಡವಾಯಿತು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದೂ ಸಂಶೋಧನೆಯೇ.

ಹುಡುಕಿದಲ್ಲೆಲ್ಲ ಸಿಕ್ಕಿತು

2012ರ ಕೊನೆಗೆ ಬಂಡೀಪುರದಲ್ಲಿ ಸತ್ತ ಮಂಗಗಳ ಕಳೇಬರ ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ ಜ್ವರ ಬಂತು. ಮುಂದಿನ ವರ್ಷಗಳಲ್ಲಿ ನೀಲಗಿರಿ, ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಹೆಸರುಗಳು ಸೇರುತ್ತ ಹೋದವು. ಗೋವೆ ಮತ್ತು ಸಿಂಧುದುರ್ಗದಲ್ಲಿ ಗೇರು ತೋಟಕ್ಕೆ ಹೋಗುವವರಿಗೆ, ವಯನಾಡಿನಲ್ಲಿ ಕಾಡನ್ನೇ ನಂಬಿದ ಬುಡಕಟ್ಟಿನವರಿಗೆ ಹೆಚ್ಚು ಪೆಟ್ಟು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎದ್ದ ಅಲೆ ಶರಾವತಿ ಕಣಿವೆಯ ಮಳೆಕಾಡಿನ ಮಗ್ಗುಲಲ್ಲಿ ಎಷ್ಟೋ ಮನೆಗಳ ದೀಪ ಆರಿಸಿತು. ಜನ ಮಣಿಪಾಲದ ಆಸ್ಪತ್ರೆಗೆ ಘಟ್ಟ ಇಳಿದು ಹೋಗಬೇಕಾಯಿತು.

ಕಾಯಿಲೆ ನಿಜವಾಗಿ ಹರಡಿತೋ ಅಥವಾ ಮೊದಲೇ ಇದ್ದದ್ದು ಈಗ ಕಣ್ಣಿಗೆ ಬಿತ್ತೋ? ಎರಡಕ್ಕೂ ಅವಕಾಶವಿದೆ. ಮೊದಲು ರಕ್ತದ ಮಾದರಿಯನ್ನು ಎಳೆಯ ಇಲಿಗಳಿಗೆ ಚುಚ್ಚಿ ವೈರಾಣು ಬೆಳೆಸಿ ನೋಡಬೇಕಿತ್ತು; ವರದಿ ಬರುವಷ್ಟರಲ್ಲಿ ರೋಗಿ ಒಂದೋ ಎದ್ದು ಓಡಾಡುತ್ತಿದ್ದ, ಇಲ್ಲವೇ ಇರುತ್ತಿರಲಿಲ್ಲ. 2012ರ ಸುಮಾರಿಗೆ ರಾಷ್ಟ್ರೀಯ ವೈರಾಣು ಸಂಸ್ಥೆ ಆರ್‌ಟಿ-ಪಿಸಿಆರ್ ಮತ್ತು ಎಲೈಸಾ ಪರೀಕ್ಷೆಗಳನ್ನು ರೂಪಿಸಿತು. ಜ್ವರದ ಮೊದಲ ವಾರದಲ್ಲಿ ಮೊದಲನೆಯದು, ಆಮೇಲೆ ಎರಡನೆಯದು. ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯದಲ್ಲೇ ಈಗ ಉತ್ತರ ಸಿಗುತ್ತದೆ. ಪರೀಕ್ಷೆ ಹತ್ತಿರವಾದಂತೆ, ಮಲೇರಿಯಾ, ಡೆಂಗಿ, ಇಲಿಜ್ವರಗಳ ಹೆಸರಿನಲ್ಲಿ ಕರಗಿಹೋಗುತ್ತಿದ್ದ ಕಾಯಿಲೆ ತನ್ನ ಹೆಸರಿನಲ್ಲಿ ದಾಖಲಾಗತೊಡಗಿತು. ಆದ್ದರಿಂದ ನಕ್ಷೆಯಲ್ಲಿ ಖಾಲಿ ಕಾಣುವ ತಾಲ್ಲೂಕು ಸುರಕ್ಷಿತವೆಂದು ಹೇಳಲಾಗದು. ಅಲ್ಲಿ ಯಾರೂ ನೋಡಿಲ್ಲದಿರಬಹುದು.

ಕಾಡಿಗೆ ಹೋಗಬೇಡಿ ಎಂದರೆ?

2018ರ ಹೊತ್ತಿಗೆ ಭಾರತ ಮತ್ತು ಬ್ರಿಟನ್ನಿನ ಸಂಸ್ಥೆಗಳು ಸೇರಿ ಶುರುಮಾಡಿದ ಒಂದು ಅಧ್ಯಯನ ಬೇರೆ ದಾರಿ ಹಿಡಿಯಿತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಪಶುರೋಗಗಳ ಸಾಂಕ್ರಾಮಿಕ ಅಧ್ಯಯನದ ರಾಷ್ಟ್ರೀಯ ಸಂಸ್ಥೆ ನಿವೇದಿ, ರಾಜ್ಯದ ಆರೋಗ್ಯ ಇಲಾಖೆ ಮೊದಲಾದವರು ಬ್ರಿಟನ್ನಿನ ಪರಿಸರ ವಿಜ್ಞಾನಿಗಳ ಜೊತೆ ಇದರಲ್ಲಿದ್ದರು. ಕಂಪ್ಯೂಟರ್ ಮಾದರಿ ಕಟ್ಟುವ ಮೊದಲೇ ಆರೋಗ್ಯ, ಅರಣ್ಯ, ಪಶುಸಂಗೋಪನೆ ಇಲಾಖೆಗಳ ಕೆಲಸಗಾರರನ್ನು ಕೂರಿಸಿ ಕೇಳಿದರು: ನಿಮ್ಮ ಅನುಭವದಲ್ಲಿ ಅಪಾಯ ಎಲ್ಲಿರುತ್ತದೆ, ನಿಮಗೆ ಎಂಥ ನಕ್ಷೆ ಬೇಕು? 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತೇವದ ನಿತ್ಯಹಸುರು ಕಾಡು ಮತ್ತು ತೋಟ ಬೆರೆತ, ನಾಡತಳಿಯ ದನಗಳು ಹೆಚ್ಚಿರುವ ಪ್ರದೇಶಗಳಲ್ಲಿ ಅಪಾಯ ಹೆಚ್ಚು, ಒಣ ಎಲೆಯುದುರುವ ಕಾಡು ಹೆಚ್ಚಿರುವಲ್ಲಿ ಕಡಿಮೆ ಎಂದು ಕಂಡಿತು. ಬೊಶೆಲ್ ಅರ್ಧ ಶತಮಾನದ ಹಿಂದೆ ಕಾಲ್ನಡಿಗೆಯಲ್ಲಿ ಕಂಡ ಅಂಚು ಉಪಗ್ರಹದ ಚಿತ್ರಗಳಲ್ಲೂ ಕಂಡಿತೆನ್ನಬಹುದು. ಈ ಸಲ ಅದಕ್ಕೆ ಅಳತೆ ಇತ್ತು, ಯಾವ ಊರಿಗೆ ಮೊದಲು ಹೋಗಬೇಕೆಂದು ಅಧಿಕಾರಿ ಬಳಸಬಹುದಾದ ನಕ್ಷೆ ಇತ್ತು.

ಇಲಾಖೆಗಳನ್ನು ಒಟ್ಟಿಗೆ ಕೂರಿಸಿದ್ದು ಸಣ್ಣ ಸಾಧನೆಯಲ್ಲ. ಸತ್ತ ಮಂಗ ಅರಣ್ಯ ಇಲಾಖೆಯ ಸ್ವತ್ತು. ಅದರ ಮರಣೋತ್ತರ ಪರೀಕ್ಷೆ ಪಶುವೈದ್ಯರದು. ದನದ ಮೈಯ ಉಣುಗು ಪಶುಸಂಗೋಪನೆಯದು, ಮನುಷ್ಯನ ಮೈಯ ಉಣುಗು ಆರೋಗ್ಯ ಇಲಾಖೆಯದು. ಉಣುಗಿಗೆ ಈ ವಿಂಗಡಣೆ ಗೊತ್ತಿಲ್ಲ. ಪ್ರಾಣಿ, ಪರಿಸರ, ಮನುಷ್ಯರ ಆರೋಗ್ಯವನ್ನು ಒಂದಾಗಿ ನೋಡಬೇಕೆಂಬ ಏಕ ಆರೋಗ್ಯದ ಮಾತು ಈಗ ಸಮ್ಮೇಳನಗಳಲ್ಲಿ ಜೋರಾಗಿದೆ. ಅದರ ನಿಜವಾದ ಪರೀಕ್ಷೆ ತಾಲ್ಲೂಕು ಕಚೇರಿಯಲ್ಲಿ: ಫಾರೆಸ್ಟ್ ಗಾರ್ಡ್ ಕಂಡ ಮಂಗನ ಸಾವು ಎಷ್ಟು ಗಂಟೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟುತ್ತದೆ?

ಇನ್ನು ಜನರ ಕಡೆಯಿಂದ ನೋಡೋಣ. ಕಾಡಿಗೆ ಹೋಗಬೇಡಿ ಎನ್ನುವುದು ನಮ್ಮ ಮೊದಲ ಸಲಹೆ. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ. ದರಗಿಲ್ಲದೆ ಕೊಟ್ಟಿಗೆ ಗೊಬ್ಬರವಿಲ್ಲ. ಉಪ್ಪಾಗೆ, ಸೀಗೆ, ಜೇನು, ಸೌದೆ ತಂದೇ ಬದುಕುವ ಮನೆಗಳಿಗೆ ಡಿಸೆಂಬರಿನಿಂದ ಮೇವರೆಗೆ ಕಾಡು ಮುಚ್ಚಿದೆ ಎಂದರೆ ಅರ್ಧ ವರ್ಷದ ಆದಾಯ ಮುಚ್ಚಿದೆ ಎಂದೇ ಅರ್ಥ. ಎರಡನೆಯ ಸಲಹೆ ಮೈಗೆ ಉಣುಗನ್ನು ದೂರವಿಡುವ ಡೇಪಾ ತೈಲ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ತೊಡಿ, ಮನೆಗೆ ಬಂದೊಡನೆ ಬಿಸಿನೀರು ಸ್ನಾನ ಮಾಡಿ ಎಂಬುದು. ಒಳ್ಳೆಯದೇ. ಆದರೆ ಏಪ್ರಿಲ್ ಬಿಸಿಲಲ್ಲಿ ಸೊಪ್ಪಿನ ಹೊರೆ ಹೊತ್ತವರ ಬೆವರಿಗೆ ಎಣ್ಣೆ ಎಷ್ಟು ಹೊತ್ತು ನಿಂತೀತು? ಜೊತೆಗೆ ಮೀಸಲು ಅರಣ್ಯಕ್ಕೆ ಕಾಲಿಟ್ಟರೆ ಕೇಸು ಬಿದ್ದೀತೆಂಬ ಅಂಜಿಕೆ ಇರುವವರು, ಕಾಡಿನಲ್ಲಿ ಸತ್ತ ಮಂಗನನ್ನು ಕಂಡರೂ ಬಾಯಿ ಬಿಡುವುದಿಲ್ಲ. ಕಾಡಿನ ಮೇಲೆ ಹಕ್ಕಿಲ್ಲದವರಿಂದ ಕಾಡಿನ ಸುದ್ದಿ ನಿರೀಕ್ಷಿಸುವುದು ಹೇಗೆ?

ಇವೆಲ್ಲ ಸಂಶೋಧನೆಯ ಪ್ರಶ್ನೆಗಳೇ. ಯಾವ ತಿಂಗಳು ದರಗು ತಂದರೆ ಅಪಾಯ ಕಡಿಮೆ? ನಿಂಫ್‌ಗಳು ಏಳುವ ಮುನ್ನವೇ ತಂದಿಟ್ಟುಕೊಂಡರೆ ಆದೀತೇ? ದನಗಳಿಗೆ ಉಣುಗಿನ ಔಷಧವನ್ನು ಯಾವ ಹೊತ್ತಿಗೆ ಹಚ್ಚಿದರೆ ಮುಂದಿನ ವರ್ಷದ ಮೊಟ್ಟೆಗಳು ಕಡಿಮೆಯಾಗುತ್ತವೆ? ಲಂಟಾನ ತೆಗೆದ ಬೆಟ್ಟದಲ್ಲಿ ಉಣುಗು ಇಳಿಯುತ್ತದೆಯೇ? ಇವುಗಳಿಗೆ ದೊಡ್ಡ ಯಂತ್ರ ಬೇಡ. ಫ್ಲಾನೆಲ್ ಬಟ್ಟೆ, ಒಂದು ಪುಸ್ತಕ, ಅದೇ ಬೆಟ್ಟಕ್ಕೆ ಪ್ರತಿ ತಿಂಗಳು ಹೋಗುವ ಇಬ್ಬರು ಸ್ಥಳೀಯ ಕೆಲಸಗಾರರು, ಅವರಿಗೆ ನಿಲ್ಲದ ಸಂಬಳ ಬೇಕು. ಮೂರು ವರ್ಷದ ಯೋಜನೆಗಳಿಂದ ಇದು ಆಗದು. ಕಾಯಿಲೆ ಒಂದು ಊರಲ್ಲಿ ಎದ್ದು ಮಲಗಿ ಮತ್ತೆ ಏಳುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು.

ಹೊಸ ಲಸಿಕೆ ಬಂದಾಗ ಸಮಾರಂಭ ನಡೆಯುತ್ತದೆ, ಮಂಗನ ಕಾಯಿಲೆಗೆ ಕೊನೆಗೂ ಮದ್ದು ಸಿಕ್ಕಿತೆಂಬ ತಲೆಬರಹವೂ ಬರುತ್ತದೆ. ಆ ದಿನ ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆಗಳನ್ನು ಈಗಲೇ ಬರೆದಿಟ್ಟುಕೊಳ್ಳಬೇಕು. ಪ್ರತಿ ಬ್ಯಾಚ್‌ನ ಸಾಮರ್ಥ್ಯವನ್ನು ಯಾರು ಪರೀಕ್ಷಿಸಿ, ಎಲ್ಲಿ ಪ್ರಕಟಿಸುತ್ತಾರೆ? ಲಸಿಕೆ ಪಡೆದೂ ಜ್ವರ ಬಂದವರ ಲೆಕ್ಕ ಯಾರ ಬಳಿ ಇರುತ್ತದೆ? ಉಣುಗು ಎಣಿಸುವ ಕೇಂದ್ರ ಮಲೆನಾಡಿನ ಯಾವ ಊರಲ್ಲಿ, ಎಷ್ಟು ವರ್ಷಕ್ಕೆ? ಮೂರನೆಯ ಪ್ರಶ್ನೆಗೆ ಉತ್ತರವಾಗಿ ಬರುವ ವರ್ಷಗಳ ಲೆಕ್ಕ ಎರಡಂಕಿಗಿಂತ ಕಡಿಮೆಯಿದ್ದರೆ, ಹಳೆಯ ಲಸಿಕೆಯ ಕಥೆ ಹೊಸ ಹೆಸರಿನಲ್ಲಿ ಮತ್ತೆ ನಡೆಯುತ್ತದೆ.